ಖಾಲಿ ಕಚೇರಿಯಲ್ಲಿ ಒಲೆ ಹಚ್ಚುವವರು ಯಾರು?

ಕೊರೊನಾ ಪಿಡುಗು ಹಿಂದೆ ಸರಿದು ವರ್ಷಗಳು ಉರುಳಿದರೂ ಉತ್ತರ ಅಮೆರಿಕದ ಅನೇಕ ಮಹಾನಗರಗಳ ಕೇಂದ್ರಭಾಗಕ್ಕೆ ಹಳೆಯ ಕಳೆ ಪೂರ್ತಿಯಾಗಿ ಮರಳಿಲ್ಲ. 2020ರ ಮಾರ್ಚ್‌ನಲ್ಲಿ ಮನೆ ಸೇರಿದ ನೌಕರರಲ್ಲಿ ಬಹಳಷ್ಟು ಮಂದಿ ಈಗ ವಾರದಲ್ಲಿ ಕೆಲವು ದಿನ ಮಾತ್ರ ಕಚೇರಿಗೆ ಬರುತ್ತಾರೆ. ಸ್ಯಾನ್‌ ಫ್ರಾನ್ಸಿಸ್ಕೊದಲ್ಲಿ 2023ರ ಕೊನೆಯ ಹೊತ್ತಿಗೆ ಕಚೇರಿ ಸ್ಥಳದ ಸುಮಾರು ಮೂರನೇ ಒಂದು ಭಾಗ ಖಾಲಿ ಬಿದ್ದಿತ್ತು. ಅದೇ ನಗರದಲ್ಲಿ ಮನೆ ಬಾಡಿಗೆ ಮಾತ್ರ ಸಾಮಾನ್ಯರ ಕೈಗೆಟುಕದು. ಹಾಗಿದ್ದರೆ ಖಾಲಿ ಕಚೇರಿಗಳನ್ನೇ ಮನೆಗಳನ್ನಾಗಿ ಏಕೆ ಮಾರ್ಪಡಿಸಬಾರದು?

ಪ್ರಶ್ನೆ ಸರಳವಾಗಿದೆ, ಉತ್ತರ ಅಷ್ಟು ಸರಳವಲ್ಲ.

ಕಚೇರಿ ಖಾಲಿಯಾದರೆ ನಷ್ಟ ಕಟ್ಟಡದ ಮಾಲೀಕನಿಗಷ್ಟೇ ಸೀಮಿತವಾಗುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದ ಗಿರಾಕಿಗಳನ್ನೇ ನಂಬಿದ್ದ ಹೋಟೆಲು, ಬಟ್ಟೆ ಇಸ್ತ್ರಿ ಮಾಡುವ ಅಂಗಡಿ, ಪ್ರಯಾಣಿಕರ ಟಿಕೆಟ್‌ ಹಣದಿಂದ ನಡೆಯುವ ರೈಲು ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಕಟ್ಟಡದ ಮೌಲ್ಯ ಕುಸಿದಂತೆ ಆಸ್ತಿ ತೆರಿಗೆಯೂ ಇಳಿಯುತ್ತದೆ. ಆ ತೆರಿಗೆಯಿಂದಲೇ ಶಾಲೆ, ಪೊಲೀಸು, ಕಸ ವಿಲೇವಾರಿ ನಡೆಯಬೇಕು. ನಗರಾಡಳಿತಗಳು ಈ ವಿಷಯದಲ್ಲಿ ಅವಸರ ತೋರುತ್ತಿರುವುದಕ್ಕೆ ಇದೇ ಕಾರಣ.

ಆದರೆ ಎಲ್ಲ ಕಚೇರಿಯೂ ಮನೆಯಾಗದು. ಹವಾನಿಯಂತ್ರಣ ಬರುವ ಮುನ್ನ ಕಟ್ಟಿದ ಹಳೆಯ ಕಟ್ಟಡಗಳಲ್ಲಿ ಗಾಳಿ ಬೆಳಕಿಗೆ ಕಿಟಕಿಯೇ ಗತಿಯಾಗಿತ್ತು. ಹೀಗಾಗಿ ಅವು ಕಿರಿದಾಗಿದ್ದು, ಮಾರ್ಪಾಡು ಸುಲಭ. 1960ರ ದಶಕದ ನಂತರದ ಬೃಹತ್‌ ಕಟ್ಟಡಗಳ ಕಥೆಯೇ ಬೇರೆ. ಅವುಗಳ ಒಡಲು ಎಷ್ಟು ಅಗಲವೆಂದರೆ ನಡುಭಾಗಕ್ಕೆ ಬಿಸಿಲು ತಲುಪುವುದೇ ಇಲ್ಲ. ಕಿಟಕಿಯಿಲ್ಲದ ಮಲಗುವ ಕೋಣೆಗೆ ಕಾನೂನು ಒಪ್ಪದು. ನೀರಿನ ಕೊಳವೆಗಳೆಲ್ಲ ಮಧ್ಯದ ಶೌಚಾಲಯಗಳ ಬಳಿ ಇದ್ದು, ಪ್ರತಿ ಮನೆಯ ಅಡುಗೆಮನೆಗೂ ಬಚ್ಚಲಿಗೂ ಅವನ್ನು ಎಳೆಯಬೇಕು. ನ್ಯೂಯಾರ್ಕ್‌ನ 25 ವಾಟರ್‌ ಸ್ಟ್ರೀಟ್‌ ಕಟ್ಟಡದಲ್ಲಿ ಬೆಳಕಿಗಾಗಿ ಒಡಲನ್ನೇ ಕೊರೆದು, ಕಳೆದುಕೊಂಡ ಜಾಗಕ್ಕೆ ಬದಲಾಗಿ ಮೇಲೆ 10 ಮಹಡಿಗಳನ್ನು ಸೇರಿಸಿ, 1,300ಕ್ಕೂ ಹೆಚ್ಚು ಮನೆಗಳನ್ನು ನಿರ್ಮಿಸಲಾಯಿತು. ಇಂಥ ಸಾಹಸ ಎಲ್ಲೆಡೆ ಲಾಭ ತರದು. ಆದ್ದರಿಂದಲೇ ಬಿಲ್ಡರುಗಳು ಸರ್ಕಾರದ ಕಡೆ ಕೈ ಚಾಚುತ್ತಾರೆ.

ಚರ್ಚೆಯಾಗಬೇಕಾದದ್ದು ಇಲ್ಲಿಯೇ. ಸಾರ್ವಜನಿಕರ ಹಣ ಕೊಟ್ಟು ಪ್ರತಿಯಾಗಿ ಪಡೆಯುವುದೇನು?

ನ್ಯೂಯಾರ್ಕ್‌ಗೆ ಇದು ಹೊಸ ಪಾಠವಲ್ಲ. ವಾಲ್‌ ಸ್ಟ್ರೀಟ್‌ ಸುತ್ತಮುತ್ತ ಕಚೇರಿಗಳು ಖಾಲಿಯಾದಾಗ 1995ರಲ್ಲಿ ತೆರಿಗೆ ವಿನಾಯಿತಿ ಯೋಜನೆ ಜಾರಿಗೆ ಬಂತು. ಸುಮಾರು ಒಂದು ದಶಕದಲ್ಲಿ 13 ಸಾವಿರದಷ್ಟು ಮನೆಗಳು ಎದ್ದವು. ಸಂಜೆಯಾದೊಡನೆ ಬಿಕೋ ಎನ್ನುತ್ತಿದ್ದ ಬೀದಿಗಳಲ್ಲಿ ಮಕ್ಕಳ ಓಡಾಟ ಕಂಡಿತು. ಆದರೆ ಅಲ್ಪ ಆದಾಯದವರಿಗೆ ಇಷ್ಟು ಮನೆ ಮೀಸಲಿಡಬೇಕೆಂಬ ಷರತ್ತು ಯೋಜನೆಯಲ್ಲಿರಲಿಲ್ಲ. ಬಾಡಿಗೆ ನಿಯಂತ್ರಣ ತಮಗೆ ಅನ್ವಯಿಸುತ್ತದೆ ಎಂದು ಸಾಬೀತುಪಡಿಸಲು ಬಾಡಿಗೆದಾರರು ರಾಜ್ಯದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು. 2019ರಲ್ಲಿ ತೀರ್ಪು ಅವರ ಪರವಾಗಿ ಬಂತು.

ಈ ಲೋಪವನ್ನು 2024ರ ಹೊಸ ಶಾಸನ ತಿದ್ದಿದೆ. ತೆರಿಗೆ ವಿನಾಯಿತಿ ಬೇಕೆನ್ನುವವರು ಶೇ 25ರಷ್ಟು ಮನೆಗಳನ್ನು ಮಿತ ಆದಾಯದವರಿಗೆ ಶಾಶ್ವತವಾಗಿ ಮೀಸಲಿಡಬೇಕು. ಮ್ಯಾನ್‌ಹಟನ್‌ನ ಕೇಂದ್ರಭಾಗದಲ್ಲಿ ಬೇಗನೆ ಕೆಲಸ ಆರಂಭಿಸಿದವರಿಗೆ 35 ವರ್ಷಗಳವರೆಗೆ ವಿನಾಯಿತಿ ಉಂಟು. ಸ್ಯಾನ್‌ ಫ್ರಾನ್ಸಿಸ್ಕೊದ ಮತದಾರರೂ 2024ರ ಮಾರ್ಚ್‌ನಲ್ಲಿ ಇಂಥ ಕಟ್ಟಡಗಳಿಗೆ ಆಸ್ತಿ ವರ್ಗಾವಣೆ ತೆರಿಗೆಯಿಂದ ರಿಯಾಯಿತಿ ನೀಡಲು ಒಪ್ಪಿದರು.

ಕೆನಡಾದ ಕ್ಯಾಲ್ಗರಿ ಇನ್ನೊಂದು ದಾರಿ ಹಿಡಿಯಿತು. ತೈಲ ಬೆಲೆ ಕುಸಿತದಿಂದ ಅದಾಗಲೇ ಸೊರಗಿದ್ದ ಆ ನಗರಕ್ಕೆ ಕೊರೊನಾ ಗಾಯದ ಮೇಲೆ ಬರೆ ಎಳೆಯಿತು. 2021ರಲ್ಲಿ ಅಲ್ಲಿನ ಆಡಳಿತ ಪ್ರತಿ ಚದರ ಅಡಿಗೆ 75 ಕೆನಡಾ ಡಾಲರ್‌ ನೇರ ಸಹಾಯಧನ ಘೋಷಿಸಿ, 2031ರೊಳಗೆ 60 ಲಕ್ಷ ಚದರ ಅಡಿ ಕಚೇರಿ ಸ್ಥಳವನ್ನು ತಗ್ಗಿಸುವ ಗುರಿ ಇಟ್ಟುಕೊಂಡಿತು. ತೆರಿಗೆ ವಿನಾಯಿತಿಯ ನಷ್ಟ ವರ್ಷಗಟ್ಟಲೆ ಹಂಚಿಹೋಗಿ ಜನರ ಕಣ್ಣಿಗೆ ಬೀಳುವುದಿಲ್ಲ. ನೇರ ಸಹಾಯಧನದ ಲೆಕ್ಕ ಬಜೆಟ್ಟಿನಲ್ಲಿಯೇ ಕಾಣುತ್ತದೆ. ಪಾರದರ್ಶಕತೆಯ ದೃಷ್ಟಿಯಿಂದ ಇದು ಮೇಲು.

ಬೆಂಗಳೂರಿನ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಇಲ್ಲಿ ಪಿಡುಗಿನ ನಂತರ ಕಚೇರಿಗಳಿಗೆ ಬೇಡಿಕೆ ಏರಿದೆ. ಆದರೂ 2020ರಲ್ಲಿ ಐಟಿ ನೌಕರರು ಊರಿಗೆ ಮರಳಿದಾಗ ಹೊರವರ್ತುಲ ರಸ್ತೆಯ ಪಿ.ಜಿ.ಗಳೂ ದರ್ಶಿನಿಗಳೂ ಬಾಗಿಲೆಳೆದುಕೊಂಡದ್ದನ್ನು ಮರೆಯುವಂತಿಲ್ಲ. ಒಂದೇ ಬಗೆಯ ದುಡಿಮೆಯನ್ನು ನೆಚ್ಚಿದ ಬಡಾವಣೆ ಎಷ್ಟು ದುರ್ಬಲ ಎಂಬುದಕ್ಕೆ ಅದೇ ಸಾಕ್ಷಿ.

ನಗರಕೇಂದ್ರ ಬದುಕುವುದು ಗಾಜಿನ ಗೋಪುರಗಳಿಂದಲ್ಲ, ಹಗಲಿರುಳು ಅಲ್ಲಿ ಉಳಿಯುವ ಜನರಿಂದ. ಆ ಜನರಲ್ಲಿ ಗೋಪುರದ ಕಸ ಗುಡಿಸುವವರೂ ಹೋಟೆಲಿನಲ್ಲಿ ದುಡಿಯುವವರೂ ಇರಬೇಕು. ಷರತ್ತಿಲ್ಲದೆ ಬೊಕ್ಕಸ ತೆರೆದರೆ ಖಾಲಿ ಕಚೇರಿ ತುಂಬೀತು. ಆದರೆ ತೆರಿಗೆ ಕಟ್ಟಿದವನಿಗೆ ಅಲ್ಲಿ ಒಲೆ ಹೂಡಲು ಜಾಗ ಸಿಗದು.