ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಂತೆ!

ಲಾರಿಯಲ್ಲಿ ಹಸು, ಎಮ್ಮೆ ಸಾಗಿಸಬೇಕಾದರೆ ಒಂದೊಂದಕ್ಕೂ 2 ಚದರ ಮೀಟರ್ ಜಾಗ ಬಿಡಬೇಕು. ಕುರಿ, ಮೇಕೆಗೆ 0.3 ಚದರ ಮೀಟರ್. ಹಂದಿಗೆ ಅದರ ಎರಡರಷ್ಟು. ಇದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2015ರಲ್ಲಿ ಸೇರಿಸಿ, 2016ರ ಜನವರಿಯಿಂದ ಜಾರಿಗೆ ತಂದ ಅಳತೆ. ಎಷ್ಟರಮಟ್ಟಿಗೆ ಪಾಲನೆ ಆಗುತ್ತಿದೆ ಅಂತ ಸಂತೆಗೆ ಹೋಗುವ ನಿಮಗೆ ನಾವು ಹೇಳಬೇಕಿಲ್ಲ. ಆದರೂ ಕಾಗದದ ಮೇಲೆ ಒಂದು ಅಳತೆ ಅಂತ ಇದೆ.

ಈಗ ವಿಮಾನದ ಹಿಂಭಾಗದ ಸೀಟನ್ನು ಅಳೆಯೋಣ. ಎಕಾನಮಿ ಅಂತಾರಲ್ಲ, ಅದು. ಇವತ್ತಿನ ಬಹುಪಾಲು ದೊಡ್ಡ ವಿಮಾನಗಳಲ್ಲಿ ಅಗಲ 17 ಇಂಚಿನ ಆಸುಪಾಸು. ಒಂದು ಸೀಟಿನಿಂದ ಮುಂದಿನ ಸೀಟಿಗೆ 31 ಇಂಚು. ಮೊಬೈಲಿನಲ್ಲೇ ಗುಣಿಸಿ ನೋಡಿ, ಸುಮಾರು 0.34 ಚದರ ಮೀಟರ್ ಬರುತ್ತದೆ. ಮೇಕೆಗಿಂತ ಎರಡು ಹಸ್ತದಷ್ಟು ಜಾಸ್ತಿ. ಮೇಕೆ ಸಂತೆಗೆ ಹೋಗೋದು ಒಂದೆರಡು ಗಂಟೆ. ಇಲ್ಲಿ ಕೂರಬೇಕಾದ್ದು ಹದಿನಾಲ್ಕು, ಹದಿನಾರು, ಹದಿನೇಳು ಗಂಟೆ.

ಹಳ್ಳಿಯವರಿಗೆ ವಿಮಾನದ ಸೀಟಿನ ಕಥೆ ಯಾಕಪ್ಪಾ ಅಂತ ನೀವು ಕೇಳಬಹುದು. ಕೇಳಿ. ನಮ್ಮ ಸುತ್ತಿನ ಊರುಗಳಲ್ಲಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಎಣಿಸಿದರೂ ಅಮೆರಿಕಕ್ಕೆ ಹೋಗಿಬಂದ ಅಜ್ಜ ಅಜ್ಜಿಯರು ನಾಲ್ಕಾರು ಮಂದಿ ಸಿಗುತ್ತಾರೆ. ಮಗಳ ಬಾಣಂತನಕ್ಕೆ ಹೋದವರು, ಮೊಮ್ಮಗು ನೋಡಿಕೊಳ್ಳಲು ಆರು ತಿಂಗಳು ಇದ್ದು ಬಂದವರು. ಮಂಡಿನೋವು, ಸಕ್ಕರೆ ಕಾಯಿಲೆ, ಬಿ.ಪಿ. ಗುಳಿಗೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು, ಕೊಬ್ಬರಿ ಚಟ್ನಿಪುಡಿ ಪೊಟ್ಟಣ ಕಟ್ಟಿಕೊಂಡು ಹೊರಟವರು. ಕರಾವಳಿ ಮತ್ತು ಕಲಬುರಗಿ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರದ್ದು ಇನ್ನೊಂದು ಸಾಲು. ಇವರೆಲ್ಲ ಕೂರುವುದು ಹಿಂದೆಯೇ.

ಅರವತ್ತು ದಾಟಿದ ಒಬ್ಬ ತಾಯಿ ನಮಗೆ ಹೇಳಿದ್ದಿಷ್ಟು: ಇಳಿಯುವಾಗ ಚಪ್ಪಲಿ ಕಾಲಿಗೆ ಏರಲಿಲ್ಲ, ಅಷ್ಟು ಊದಿತ್ತು. ಪಕ್ಕದವರನ್ನು ಎಬ್ಬಿಸಲು ಸಂಕೋಚವಾಗಿ ನೀರೇ ಕುಡಿಯಲಿಲ್ಲ. ಇಳಿಯುವಾಗ ಮುಂದಿನ ಭಾಗ ದಾಟಿ ಬರಬೇಕಾಯಿತು, ಅಲ್ಲಿ ಹಾಸಿಗೆ, ದಿಂಬು, ಹೊದಿಕೆ ಮುದ್ದೆಯಾಗಿ ಬಿದ್ದಿದ್ದವು. 'ಅಲ್ಲಿ ಯಾರಿಗಾದರೂ ಹುಷಾರಿರಲಿಲ್ಲವಾ?' ಅಂತ ಆಕೆ ಮಗನನ್ನು ಕೇಳಿದರಂತೆ. ಕಾಯಿಲೆ ಬಿದ್ದವರನ್ನು ಮಾತ್ರ ಮಲಗಿಸಿಕೊಂಡು ಹೋಗುತ್ತಾರೆ ಅಂತ ಅವರ ಎಣಿಕೆ.

ಆ ಮುಂದಿನ ಭಾಗ ಏನು ಅಂತ ಸ್ವಲ್ಪ ನೋಡಿ. 2000ನೇ ಇಸವಿಯಲ್ಲಿ ಬ್ರಿಟಿಷ್ ಏರ್‌ವೇಸ್ ಬ್ಯುಸಿನೆಸ್ ಕ್ಲಾಸಿನಲ್ಲಿ ಪೂರ್ತಿ ಚಪ್ಪಟೆಯಾಗಿ ಹಾಸಿಗೆಯಾಗುವ ಸೀಟು ತಂದಿತು. ಅದಕ್ಕೂ ಮುಂಚೆ ಆ ಭಾಗ್ಯ ಫಸ್ಟ್ ಕ್ಲಾಸಿನವರಿಗೆ ಮಾತ್ರ. ಮಿಕ್ಕ ಕಂಪನಿಗಳಲ್ಲಿ ಕೆಲವು ಓರೆಯಾಗಿ ಮಲಗುವ ಸೀಟು ಹಾಕಿದವು. ಮಲಗಿದವರು ರಾತ್ರಿಯೆಲ್ಲ ಜಾರುಬಂಡೆಯ ಹಾಗೆ ಕಾಲಕಡೆಗೆ ಜಾರುತ್ತಿದ್ದರು. ಆಮೇಲೆ ಪೈಪೋಟಿ ಶುರು. 2007ರಲ್ಲಿ ಸಿಂಗಾಪುರ್ ಏರ್‌ಲೈನ್ಸ್ ಎ380ರಲ್ಲಿ ಗಂಡ ಹೆಂಡತಿ ಮಲಗುವ ಜೋಡಿ ಮಂಚ ಇಟ್ಟಿತು. 2008ರಲ್ಲಿ ಎಮಿರೇಟ್ಸ್ ಆಕಾಶದಲ್ಲೇ ಸ್ನಾನದ ಮನೆ ಕಟ್ಟಿತು. 2014ರಲ್ಲಿ ಎತಿಹಾದ್ ಬೈಠಕ್‌ಖಾನೆ, ಮಲಗುವ ಕೋಣೆ, ಬಚ್ಚಲು ಸೇರಿದ ಮೂರು ಕೋಣೆಯ ಮನೆಯನ್ನೇ ಹಾರಿಸಿತು. 2017ರಲ್ಲಿ ಕತಾರ್ ಏರ್‌ವೇಸ್ ಬ್ಯುಸಿನೆಸ್ ಕ್ಲಾಸಿನ ಸೀಟಿಗೇ ಬಾಗಿಲು ಹಾಕಿಸಿತು. ಹಾಸಿಗೆಯ ಉದ್ದ ಸಾಮಾನ್ಯವಾಗಿ ಆರೂವರೆ ಅಡಿ.

ಇದೇ ಕಾಲದಲ್ಲಿ ಹಿಂದೆ ಏನಾಯಿತು? ಬೋಯಿಂಗ್ 777ರಲ್ಲಿ ಹಿಂದಿನ ದರ್ಜೆಗೆ ಹೆಚ್ಚಿನ ಕಂಪನಿಗಳು ಸಾಲಿಗೆ ಒಂಬತ್ತು ಸೀಟು ಹಾಕುತ್ತಿದ್ದವು. ನಿಧಾನವಾಗಿ ಹತ್ತಾಯಿತು. ವಿಮಾನದ ಅಗಲ ಒಂದು ಅಂಗುಲವೂ ಬೆಳೆದಿರಲಿಲ್ಲ. ಬೋಯಿಂಗ್ 787 ಬಂದಾಗ ಸಾಲಿಗೆ ಎಂಟು ಸೀಟಿನ ಲೆಕ್ಕ ಹೇಳಿದ್ದರು, ಈಗ ಬಹುತೇಕ ಎಲ್ಲ ಕಡೆ ಒಂಬತ್ತು. ಎಂಟನ್ನೇ ಉಳಿಸಿಕೊಂಡದ್ದು ಜಪಾನ್ ಏರ್‌ಲೈನ್ಸ್. ಅದರಿಂದ ಅವರೇನು ಮುಳುಗಿಲ್ಲ, ವಿಮಾನ ಹಾರಿಸುತ್ತಲೇ ಇದ್ದಾರೆ.

ನಮ್ಮದೇ ಉದಾಹರಣೆ ಬೇಕೆ? 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ ದೇವನಹಳ್ಳಿಯಲ್ಲಿ ಇಳಿಯಿತು. ಉತ್ತರ ಧ್ರುವದ ಮೇಲಿಂದ ಸುಮಾರು 14,000 ಕಿಲೋಮೀಟರ್, ಹದಿನೇಳು ಗಂಟೆಯ ಹಾರಾಟ. ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರು, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳು. ಹೆಮ್ಮೆಪಡಬೇಕಾದ ಸುದ್ದಿ, ಎಲ್ಲ ಪತ್ರಿಕೆಗಳೂ ಮುಖಪುಟದಲ್ಲಿ ಹಾಕಿದವು. ಆ ವಿಮಾನದ ಸೀಟು 238. ಅದರಲ್ಲಿ ಫಸ್ಟ್ ಕ್ಲಾಸ್ 8, ಬ್ಯುಸಿನೆಸ್ 35, ಎಕಾನಮಿ 195. ಅಂದರೆ ಕಾಲು ಚಾಚಿ ಮಲಗಬಹುದಾದವರು 43 ಮಂದಿ, ಹದಿನೇಳು ಗಂಟೆ ಕೂತೇ ಇರಬೇಕಾದವರು 195 ಮಂದಿ. ವಿಮಾನ ನಿಲ್ದಾಣಕ್ಕೆ ಹೋದ ಸುಮಾರು 4,000 ಎಕರೆಯಲ್ಲಿ ನಮ್ಮಂಥ ರೈತರ ಹೊಲವೂ ಇತ್ತು ಅನ್ನೋದನ್ನ ಇಲ್ಲಿ ನೆನಪು ಮಾಡಿದರೆ ತಪ್ಪಾಗಲಾರದು.

ಇಷ್ಟು ಹೇಳಿದ ಕೂಡಲೇ ಒಂದು ಗಾದೆ ಬಂದು ಬೀಳುತ್ತದೆ. 'ಹಾಸಿಗೆ ಇದ್ದಷ್ಟು ಕಾಲು ಚಾಚು.' ದುಡ್ಡು ಕೊಟ್ಟವರು ಮಲಗುತ್ತಾರೆ, ನಿಮಗ್ಯಾಕೆ ಹೊಟ್ಟೆಉರಿ? ಮುಂದಿನವರು ಅಷ್ಟೊಂದು ಕೊಡುವುದರಿಂದಲೇ ಹಿಂದಿನವರ ಟಿಕೆಟ್ ಅಗ್ಗವಾಗಿದೆ, ಅವರಿಗೆ ಕೈಮುಗಿಯಿರಿ ಅನ್ನುವವರೂ ಇದ್ದಾರೆ.

ಈ ವಾದದಲ್ಲಿ ಸತ್ಯದ ಒಂದು ಚೂರು ಇದೆ, ಅದನ್ನು ಒಪ್ಪುತ್ತೇವೆ. ದೂರದ ವಿಮಾನಗಳ ಲಾಭ ನಿಂತಿರುವುದು ಮುಂದಿನ ಸೀಟುಗಳ ಮೇಲೆ. ಆದರೆ ಆ ದುಡ್ಡು ಯಾರ ಜೇಬಿನದು? ಬಹಳಷ್ಟು ಸಲ ಕಂಪನಿಯದು, ಇಲ್ಲ ಸರ್ಕಾರದ್ದು. ಕಂಪನಿ ಅದನ್ನು ಖರ್ಚಿನ ಲೆಕ್ಕಕ್ಕೆ ಬರೆದು ತೆರಿಗೆ ಉಳಿಸಿಕೊಳ್ಳುತ್ತದೆ. ಸರ್ಕಾರದ್ದು ಅಂದರೆ ನಮ್ಮದೇ. ಇನ್ನೊಂದು ಮಾತು, ಕೆಲವರಿಗೆ ಕಹಿ ಆಗಬಹುದು. ಕಂಪನಿ ದುಡ್ಡಿನಲ್ಲಿ ಬರುವಾಗ ಮಲಗಿಕೊಂಡು ಬರುವ ಮಕ್ಕಳಲ್ಲಿ ಕೆಲವರು ಅಪ್ಪ ಅಮ್ಮನಿಗೆ ಟಿಕೆಟ್ ಮಾಡಿಸುವಾಗ ಎಲ್ಲಕ್ಕಿಂತ ಅಗ್ಗದ್ದು, ನಡುವೆ ಆರು ಗಂಟೆ ಕಾಯುವಂಥದ್ದು ಹುಡುಕುತ್ತಾರೆ. ಎಲ್ಲರೂ ಹೀಗಲ್ಲ, ಸಾಲ ತೀರಿಸುತ್ತಾ ಕಷ್ಟದಲ್ಲಿರುವವರೂ ಉಂಟು. ಆದರೆ ಕೆಲವರು ಹೀಗೆ.

ಮತ್ತೆ, ಆ ಗಾದೆ ಹಾಸಿಗೆಯನ್ನು ಕತ್ತರಿಸುವ ಹಕ್ಕನ್ನು ಯಾರಿಗೂ ಕೊಟ್ಟಿಲ್ಲ. ಇಲ್ಲಿ ನಡೆದಿರುವುದು ಅದೇ. ಮುಂದಿನದಕ್ಕೆ ಬೆಲೆ ಬರಬೇಕಾದರೆ ಹಿಂದಿನದು ನೋಯಬೇಕು. ಹಿಂದೆ ನಿದ್ದೆ ಬರುವಂತಿದ್ದರೆ ಮೂರು ನಾಲ್ಕು ಪಟ್ಟು ಕೊಟ್ಟು ಮುಂದೆ ಯಾರು ಹೋಗುತ್ತಾರೆ? ಗಾಳಿ ಎರಡೂ ಕಡೆ ಒಂದೇ. ಹಳೆಯ ಮಾದರಿಯ ವಿಮಾನದೊಳಗಿನ ಒತ್ತಡ 8,000 ಅಡಿ ಎತ್ತರದಲ್ಲಿ ಕೂತಷ್ಟು ಆಗಬಹುದು. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 6,300 ಅಡಿ ಚಿಲ್ಲರೆ. ಗಾಳಿಯ ತೇವ ಬೇಸಿಗೆಯ ರಾಯಚೂರಿಗಿಂತ ಕಡಿಮೆ. ಮುಂದಿನವರ ಗಂಟಲೂ ಒಣಗುತ್ತದೆ. ಅವರು ಕೊಂಡಿದ್ದು ಒಂದೇ, ಬೆನ್ನು ನೆಲಕ್ಕೆ ಸಮನಾಗಿ ಇಡುವ ಅವಕಾಶ. ಸ್ಲೀಪರ್ ಬೋಗಿಯಲ್ಲಿ ಹುಬ್ಬಳ್ಳಿಗೆ ಹೋಗುವ ಯಾರಿಗಾದರೂ ಸಿಗುವಂಥದ್ದು.

ರೈಲಿನ ಮಾತು ಬಂದಿದ್ದಕ್ಕೆ ಇದನ್ನು ಹೇಳಲೇಬೇಕು. ನಮ್ಮ ಎರಡನೇ ದರ್ಜೆಯ ರೈಲಿನಲ್ಲೂ ಒಂದು ಕಾಲಕ್ಕೆ ಬರೀ ಮರದ ಹಲಗೆ. ಮೆತ್ತೆ ಇದ್ದದ್ದು ಫಸ್ಟ್ ಕ್ಲಾಸಿಗೆ. 1977ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರದಲ್ಲಿ ಮಧು ದಂಡವತೆ ರೈಲ್ವೆ ಮಂತ್ರಿಯಾದರು. ಸಮಾಜವಾದಿ ಮನುಷ್ಯ, ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನಲ್ಲಿದ್ದವರು. ಅವರು ಎರಡನೇ ದರ್ಜೆಯ ಹಲಗೆಗೆ ಎರಡು ಇಂಚಿನ ಫೋಮ್ ಹಾಕಿಸಿದರು. ಫಸ್ಟ್ ಕ್ಲಾಸಿನ ಮೆತ್ತೆ ಕಿತ್ತುಕೊಳ್ಳಲಿಲ್ಲ. ರೈಲ್ವೆ ಮುಳುಗಿಯೂ ಹೋಗಲಿಲ್ಲ. ಇವತ್ತು ರಾತ್ರಿ ರೈಲಿನಲ್ಲಿ ಗೊರಕೆ ಹೊಡೆಯುವ ಪ್ರತಿಯೊಬ್ಬರ ಬೆನ್ನ ಕೆಳಗೂ ಆ ಎರಡು ಇಂಚು ಇದೆ. ವಿಮಾನದ ವಿಷಯದಲ್ಲಿ ಅಂಥ ಒಬ್ಬ ಮಂತ್ರಿಯನ್ನು ಯಾವ ದೇಶವೂ ಇನ್ನೂ ಹೆತ್ತಿಲ್ಲ.

ನಮ್ಮಲ್ಲಿ ಬಂದದ್ದು ಜೋಕು. 2009ರಲ್ಲಿ ಮಂತ್ರಿಗಳೆಲ್ಲ ಖರ್ಚು ಉಳಿಸಲು ಎಕಾನಮಿಯಲ್ಲಿ ಹೋಗಬೇಕು ಅಂತಾಯಿತು. ಆಗ ವಿದೇಶಾಂಗ ರಾಜ್ಯ ಮಂತ್ರಿಯಾಗಿದ್ದ ಶಶಿ ತರೂರ್ ಟ್ವಿಟರ್‌ನಲ್ಲಿ ಅದನ್ನು ದನಗಳ ದರ್ಜೆ ಅನ್ನುವ ಅರ್ಥದ ಇಂಗ್ಲಿಷ್ ಮಾತಿನಲ್ಲಿ ಕರೆದು ಗದ್ದಲವಾಯಿತು. ಎಲ್ಲರೂ ಆ ಮಾತಿಗೆ ಸಿಟ್ಟಾದರು, ಆ ಸೀಟಿಗೆ ಯಾರೂ ಸಿಟ್ಟಾಗಲಿಲ್ಲ. ದನ ಸಾಕಿದವರಿಗೆ ಗೊತ್ತು, ದನವನ್ನು ಯಾರೂ ಹಾಗೆ ಕಟ್ಟುವುದಿಲ್ಲ. ಮಲಗಿ ಮೆಲುಕು ಹಾಕುವಷ್ಟು ಹಗ್ಗ ಬಿಟ್ಟೇ ಕಟ್ಟುತ್ತಾರೆ.

ಇದು ಬರೀ ಸುಖದ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಹೆದರಿಸುವುದು ಬೇಡ, ಆರೋಗ್ಯವಂತರಲ್ಲಿ ಇದು ಸುಮಾರು 6,000ಕ್ಕೆ ಒಬ್ಬರಿಗೆ. ಬಸ್ಸು, ಕಾರು, ರೈಲಿಗೂ ಇದೇ ಮಾತು. ತೊಂದರೆ ಟಿಕೆಟಿನ ದರ್ಜೆಯಲ್ಲಿಲ್ಲ, ಅಲುಗಾಡದೆ ಇರುವುದರಲ್ಲಿದೆ. ಕಿಟಕಿ ಪಕ್ಕ ಸಿಕ್ಕಿಹಾಕಿಕೊಂಡು, ಇಬ್ಬರನ್ನು ಎಬ್ಬಿಸದೆ ಏಳಲಾಗದ ಅರವತ್ತೈದರ ಅಜ್ಜಿ ಎಷ್ಟು ಅಲುಗಾಡುತ್ತಾರೆ?

ಅಮೆರಿಕದಲ್ಲಿ 2018ರಲ್ಲಿ ಕಾಯ್ದೆ ಬಂತು. ಸೀಟಿನ ಕನಿಷ್ಠ ಅಳತೆಯನ್ನು ಒಂದು ವರ್ಷದೊಳಗೆ ನಿಗದಿ ಮಾಡಿ ಅಂತ ಅಲ್ಲಿನ ವಿಮಾನಯಾನ ಇಲಾಖೆಗೆ ಆದೇಶ. ಒಂದು ವರ್ಷ ಹೋಯಿತು, ಮೂರು ಹೋದವು. 2022ರಲ್ಲಿ ಇಲಾಖೆ ಜನರ ಅಭಿಪ್ರಾಯ ಕೇಳಿತು. 26,000ಕ್ಕೂ ಹೆಚ್ಚು ಜನ ಬರೆದರು. ಇಲಾಖೆಯ ಲೆಕ್ಕವೇ ಬೇರೆ. ಅಪಘಾತವಾದರೆ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬೇಕು, ಅಷ್ಟಾದರೆ ಸೀಟು ಸುರಕ್ಷಿತ. ಅದಕ್ಕಾಗಿ ಒಕ್ಲಹೋಮಾದಲ್ಲಿ ಸುಮಾರು 720 ಜನರನ್ನು ಕೂರಿಸಿ, ಎಬ್ಬಿಸಿ, ಓಡಿಸಿ ಪರೀಕ್ಷೆ ಮಾಡಿದರು. ಆ 720 ಜನರಲ್ಲಿ ಮಕ್ಕಳಿಲ್ಲ, ಅಂಗವಿಕಲರಿಲ್ಲ, 60 ದಾಟಿದವರು ಒಬ್ಬರೂ ಇಲ್ಲ. ನಮ್ಮೂರಿಂದ ಹೋಗುವವರನ್ನೇ ಬಿಟ್ಟು ಪರೀಕ್ಷೆ ಪಾಸಾಯಿತು.

2016ರಲ್ಲಿ ಇಬ್ಬರು ಸಂಶೋಧಕರು ವಿಮಾನದೊಳಗಿನ ಜಗಳಗಳ ಲೆಕ್ಕ ಹಾಕಿದರು. ಮುಂದೆ ಫಸ್ಟ್ ಕ್ಲಾಸ್ ಇರುವ ವಿಮಾನಗಳಲ್ಲಿ ಹಿಂದಿನವರ ಗಲಾಟೆ ನಾಲ್ಕು ಪಟ್ಟಿನ ಹತ್ತಿರ ಇತ್ತಂತೆ. ಹತ್ತುವಾಗ ಮುಂದಿನ ಸೀಟುಗಳ ನಡುವೆಯೇ ಹಾದುಹೋಗಬೇಕಾದರೆ ಇನ್ನೂ ಜಾಸ್ತಿ. ಲೆಕ್ಕದ ವಿಧಾನಕ್ಕೆ ತಕರಾರೂ ಬಂತು, ಅದಿರಲಿ. ಮದುವೆಮನೆಯಲ್ಲಿ ಒಂದೇ ಚಪ್ಪರದ ಕೆಳಗೆ ಎರಡು ಪಂಕ್ತಿ ಹಾಕಿ, ಒಂದಕ್ಕೆ ಹೋಳಿಗೆ, ಇನ್ನೊಂದಕ್ಕೆ ಬರೀ ಅನ್ನ ಸಾರು ಬಡಿಸಿದರೆ ಏನಾಗುತ್ತದೆ ಅಂತ ತಿಳಿಯಲು ನಮಗೆ ಸಂಶೋಧನೆ ಬೇಕಿಲ್ಲ.

ಹೊಗೆಯ ಬಾಬತ್ತೂ ಇದೆ. ಮುಂದಿನ ಸೀಟು ಹೆಚ್ಚು ಜಾಗ ತಿನ್ನುವುದರಿಂದ ಒಬ್ಬ ಬ್ಯುಸಿನೆಸ್ ಪ್ರಯಾಣಿಕನ ಪಾಲಿನ ಇಂಗಾಲ ಎಕಾನಮಿಯವನ ಸುಮಾರು ಮೂರು ಪಟ್ಟು, ಫಸ್ಟ್ ಕ್ಲಾಸಿನವನದು ಒಂಬತ್ತು ಪಟ್ಟಿನವರೆಗೂ ಹೋಗಬಹುದು ಅಂತ ವಿಶ್ವ ಬ್ಯಾಂಕಿನ 2013ರ ಅಧ್ಯಯನ ಹೇಳಿದೆ. ಮಳೆ ಕೈಕೊಟ್ಟಾಗ ಒಣಗುವುದು ಯಾರ ಹೊಲ ಅಂತ ನಿಮಗೆ ಗೊತ್ತಿದೆ.

ಸರ್ಕಾರ ಏನೂ ಮಾಡಿಲ್ಲ ಅನ್ನುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಎಕಾನಮಿ ಬಿಟ್ಟು ಮಿಕ್ಕ ದರ್ಜೆಗಳ ಟಿಕೆಟಿಗೆ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿತು. ಐಷಾರಾಮಿಗಳಿಗೆ ಬಿತ್ತು ಏಟು ಅಂತ ಚಪ್ಪಾಳೆ ತಟ್ಟಬೇಡಿ. ಕಂಪನಿ ಕೆಲಸದ ಟಿಕೆಟಿನ ತೆರಿಗೆಯನ್ನು ಕಂಪನಿಗಳು ತಮ್ಮ ಲೆಕ್ಕದಲ್ಲಿ ವಾಪಸ್ ಹಿಡಿದುಕೊಳ್ಳಬಹುದು. ಅಮ್ಮನ ಮಂಡಿ ನೋವಿಗೆ ಅಂತ ಕೈಯಿಂದ ಹಾಕಿ, ನಾಲ್ಕು ಇಂಚು ಹೆಚ್ಚು ಜಾಗ ಇರುವ ಪ್ರೀಮಿಯಂ ಎಕಾನಮಿ ಟಿಕೆಟ್ ಮಾಡಿಸುವ ಮಗ ಮಾತ್ರ ಪೂರ್ತಿ 18 ಕಟ್ಟಬೇಕು. ಮಂಡಿ ನೋವೂ ಐಷಾರಾಮದ ಪಟ್ಟಿಗೆ ಸೇರಿತು.

ಹಿಂದೆ ಮಲಗಿಸಲು ಆಗುವುದೇ ಇಲ್ಲವೇ? ಆಗುತ್ತದೆ. ಏರ್ ನ್ಯೂಜಿಲೆಂಡ್ 2011ರಿಂದಲೇ ಎಕಾನಮಿಯ ಮೂರು ಸೀಟು ಸೇರಿಸಿ ಮಂಚವಾಗುವ ವ್ಯವಸ್ಥೆ ಇಟ್ಟಿದೆ. 2020ರಲ್ಲಿ, ಎಕಾನಮಿಯವರೇ ಪಾಳಿಯ ಮೇಲೆ ಮಲಗಲು ಆರು ಬಂಕುಗಳ ಗೂಡು ಮಾಡುತ್ತೇವೆ ಅಂತ ಘೋಷಿಸಿತು. ರೈಲಿನ ಬರ್ತ್ ಥರವೇ, ಒಂದರ ಮೇಲೊಂದು. ಅದಕ್ಕೂ ಬೇರೆ ದುಡ್ಡು, ನಿಜ. ಆದರೆ ಜಾಗವೇ ಇಲ್ಲ ಅನ್ನುವ ಮಾತು ಸುಳ್ಳು ಅಂತಾಯಿತಲ್ಲ.

ಬಿಸ್ಕತ್ ಪೊಟ್ಟಣದ ಮೇಲೆ ಗ್ರಾಂ ಲೆಕ್ಕದಲ್ಲಿ ತೂಕ ಬರೆದಿರಬೇಕು, ಇಲ್ಲದಿದ್ದರೆ ದಂಡ. ಅದೇ ರೀತಿ ಟಿಕೆಟಿನ ಮೇಲೆ, ಬೆಲೆಯ ಪಕ್ಕದಲ್ಲೇ, ಸೀಟಿನ ಅಗಲ ಇಷ್ಟು, ಕಾಲಿನ ಜಾಗ ಇಷ್ಟು ಅಂತ ಅಂಕಿಯಲ್ಲಿ ಬರೆಯಲಿ. ಆರು ಗಂಟೆಗಿಂತ ಹೆಚ್ಚಿನ ಹಾರಾಟಕ್ಕೆ ಇದಕ್ಕಿಂತ ಕಿರಿದಾದ ಸೀಟು ಹಾಕುವಂತಿಲ್ಲ ಅಂತ ದೆಹಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಒಂದು ಗೆರೆ ಎಳೆಯಲಿ. ಪರೀಕ್ಷೆ ಮಾಡುವುದಾದರೆ ಅರವತ್ತು ದಾಟಿದವರನ್ನೂ ಕರೆಯಲಿ, ನಮ್ಮ ಜಿಲ್ಲೆಯಿಂದಲೇ ಒಂದು ಬಸ್ಸು ಜನರನ್ನು ಕಳಿಸುತ್ತೇವೆ.

ಅಲ್ಲಿವರೆಗೆ, ಊರಿಂದ ಯಾರಾದರೂ ಹೊರಟಿದ್ದರೆ ಟಿಕೆಟ್ ಮಾಡಿಸುವ ಮಕ್ಕಳಿಗೆ ಫೋನಿನಲ್ಲಿ ಇಷ್ಟು ಹೇಳಿ. ಕಿಟಕಿ ಬೇಡ, ನಡೆದಾಡುವ ದಾರಿಯ ಪಕ್ಕದ ಸೀಟು ಹಾಕಿಸಲಿ. ಬುಕ್ ಮಾಡುವ ಮುಂಚೆ ಆ ವಿಮಾನದಲ್ಲಿ ಸಾಲಿಗೆ ಎಂಟೋ, ಒಂಬತ್ತೋ, ಹತ್ತೋ ಅಂತ ಸೀಟಿನ ನಕ್ಷೆಯಲ್ಲಿ ಎಣಿಸಿ ನೋಡಲಿ. ಗಂಟೆಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯಿರಿ, ಪಕ್ಕದವರ ನಿದ್ದೆ ಕೆಟ್ಟರೆ ಕೆಡಲಿ. ಹಿಂದೆ ಹೆಪ್ಪುಗಟ್ಟಿದ ತೊಂದರೆ ಇದ್ದವರು, ಈಚೆಗೆ ಆಪರೇಷನ್ ಆದವರು ಹೊರಡುವ ವಾರ ಮೊದಲೇ ಡಾಕ್ಟರನ್ನು ಕಂಡು, ಕಾಲಿಗೆ ಹಾಕುವ ಬಿಗಿ ಸಾಕ್ಸ್ ಬೇಕಾ ಅಂತ ಕೇಳಿ. ಚಪ್ಪಲಿ ಮಾತ್ರ ಒಂದು ಸೈಜು ದೊಡ್ಡದೇ ಇರಲಿ.