ಬಟ್ಟೆಗಿಂತ ಬಾಯಿಪಾಠ ಮುಖ್ಯ

ಸ್ಕಾಟ್ಲೆಂಡಿನ ಚೌಕುಳಿ ಬಟ್ಟೆ ಟಾರ್ಟನ್ ತೊಟ್ಟರೆ ಒಂದು ಕಾಲಕ್ಕೆ ಜೈಲು ಕಾದಿತ್ತು. 1746ರ ಏಪ್ರಿಲ್‌ನಲ್ಲಿ ಕಲೋಡನ್ ರಣರಂಗದಲ್ಲಿ ಪದಚ್ಯುತ ಸ್ಟುವರ್ಟ್ ರಾಜವಂಶವನ್ನು ಮತ್ತೆ ಗದ್ದುಗೆಗೇರಿಸಲು ಎದ್ದ ಜಾಕೊಬೈಟ್ ಬಂಡಾಯ ಮಣ್ಣುಮುಕ್ಕಿತು. ಅದೇ ವರ್ಷ ಬಂದ ಕಾನೂನು ಸ್ಕಾಟ್ಲೆಂಡಿನ ಗುಡ್ಡಗಾಡಾದ ಹೈಲ್ಯಾಂಡಿನ ಗಂಡಸರ ಉಡುಪನ್ನೇ ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ, ಎರಡನೆಯದಕ್ಕೆ ಏಳು ವರ್ಷ ಗಡೀಪಾರು. ಬ್ರಿಟಿಷ್ ಸೇನೆ ಸೇರಿದವರಿಗೆ ಮಾತ್ರ ವಿನಾಯಿತಿ! ನಿಷೇಧ ತೆರವಾದದ್ದು 1782ರಲ್ಲಿ.

1822ರ ಹೊತ್ತಿಗೆ ಗಾಳಿ ಪೂರಾ ತಿರುಗಿತ್ತು. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ಏರ್ಪಡಿಸಿದ ಎಡಿನ್‌ಬರೋ ಭೇಟಿಯಲ್ಲಿ ದೊರೆ ನಾಲ್ಕನೇ ಜಾರ್ಜ್ ತಾನೇ ಟಾರ್ಟನ್ನಿನ ಗಂಡಸರ ಲಂಗ ಕಿಲ್ಟ್ ತೊಟ್ಟ. ಕುಲಕ್ಕೊಂದು ವಿನ್ಯಾಸವೆಂಬ ಕಟ್ಟುನಿಟ್ಟು ಗಟ್ಟಿಯಾದದ್ದು ಬಹುಮಟ್ಟಿಗೆ ಆ ಕಾಲದಲ್ಲೇ. ಹಾಗೆಂದು ಅದನ್ನು ನಕಲಿ ಎಂದು ಮೂಗು ಮುರಿಯುವುದು ಸರಿಯಲ್ಲ. ತಲೆಮಾರುಗಳು ಮದುವೆಗೆ, ಮಣ್ಣಿಗೆ ಉಟ್ಟ ಬಟ್ಟೆ ಜನರದ್ದೇ.

ಚಿಂತಿಸಬೇಕಾದದ್ದು ಬೇರೆ. ಬ್ಯಾಗ್‌ಪೈಪಿನ ಗಂಭೀರ ಪ್ರಕಾರವಾದ ಪೀಬ್ರಾಕನ್ನು ಗುರುಗಳು ಹಾಡುವ ಉಚ್ಚಾರಗಳಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು, ನಮ್ಮ ಮೃದಂಗದ ಕೊನ್ನಕ್ಕೋಲಿನ ಹಾಗೆ. ಆ ವಿದ್ಯೆ ಬೆಳೆದದ್ದು ಹೈಲ್ಯಾಂಡಿನವರ ಗೇಲಿಕ್ ನುಡಿಯ ಮಡಿಲಲ್ಲಿ. ಗೇಲಿಕ್‌ಗೆ ಅಧಿಕೃತ ಸ್ಥಾನ ಸಾರುವ ಕಾಯ್ದೆಗೆ ಸ್ಕಾಟಿಷ್ ಸಂಸತ್ತು ಒಪ್ಪಿಗೆ ಕೊಟ್ಟದ್ದು 2025ರಲ್ಲಿ. ಟಾರ್ಟನ್ ವಿನ್ಯಾಸಗಳ ಸರ್ಕಾರಿ ನೋಂದಣಿ 2009ರಲ್ಲೇ ಶುರುವಾಗಿತ್ತು. ಕಿಲ್ಟ್ ತೋರಿಸಿ ಪ್ರವಾಸಿಗರಿಂದ ಗಳಿಸುವ ಹಣದಲ್ಲಿ ಒಂದು ಪಾಲು ಪಶ್ಚಿಮ ದ್ವೀಪಗಳ ಗೇಲಿಕ್ ಶಾಲೆಗಳಿಗೂ ಪೈಪ್ ಗುರುಗಳಿಗೂ ಸಲ್ಲಲೇಬೇಕು.