ನಿಖಾಹ್ ಬೇಗ ಆಗಲಿ, ಬರಹವಿಲ್ಲದೆ ಆಗದಿರಲಿ

ನಮ್ಮಲ್ಲಿ ನಿಖಾಹ್ ಹತ್ತು ನಿಮಿಷದ ಕೆಲಸ. ವಲಿ, ವರ, ಇಬ್ಬರು ಸಾಕ್ಷಿಗಳು, ಮಹರ್, ಈಜಾಬ್-ಖಬೂಲ್. ಮುಗಿಯಿತು. ಬೇಗ ಆಗುವುದು ತಪ್ಪಲ್ಲ. ಆದರೆ ಕಾನೂನಿಗೆ ಹೆದರಿ ಗಡಿಯಾಚೆ ಹೋಗಿ ಅವಸರದಲ್ಲಿ ಮುಗಿಸುವ ಮದುವೆಯ ಬಗ್ಗೆ ನಾವು ಯೋಚಿಸಬೇಕು.

ಇಂತಹ ಮದುವೆಗಳಿಗೆ ಲೋಕದಲ್ಲೇ ಹೆಸರಾದ ಊರು ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್. 21 ವರ್ಷ ತುಂಬದವರು ಹೆತ್ತವರನ್ನು ಮೀರಿ ಮದುವೆಯಾಗದಂತೆ ಇಂಗ್ಲೆಂಡ್ 1753ರಲ್ಲಿ ಕಾನೂನು ಬಿಗಿ ಮಾಡಿತು. ಸ್ಕಾಟ್ಲೆಂಡಿನಲ್ಲಿ 14ರ ಹುಡುಗ, 12ರ ಹುಡುಗಿ ಸಾಕ್ಷಿಗಳ ಮುಂದೆ ಒಪ್ಪಿದರೆ ಸಾಕಿತ್ತು. ಗಡಿ ದಾಟಿದೊಡನೆ ಸಿಗುವ ಕಮ್ಮಾರನ ಅಂಗಡಿ, ರಸ್ತೆ ಬದಿಯ ಸುಂಕದ ಕಟ್ಟೆ ಎಲ್ಲವೂ ಮದುವೆ ಮನೆಗಳಾದವು. ಕಾಸು ಪಡೆದು ಮದುವೆ ಮಾಡಿಸುವುದೇ ಕೆಲವರ ದಂಧೆಯಾಯಿತು. 1856ರ ಕಾನೂನು 21 ದಿನಗಳ ವಾಸವನ್ನು ಕಡ್ಡಾಯ ಮಾಡಿದ ಮೇಲೆ ಈ ಭರಾಟೆ ತಗ್ಗಿತು. 1940ರಲ್ಲಿ ಅಂತಹ ಮದುವೆಗೇ ಮಾನ್ಯತೆ ನಿಂತಿತು. ಮದುವೆಯ ದಾಖಲೆಗಳು ಮಾತ್ರ ಖಾಸಗಿಯವರ ಕೈಯಲ್ಲಿ ಉಳಿದು ಚದುರಿಹೋದವು.

ಡಿಪ್ಲೊಮಾ ಮುಗಿಸಿ ನಾನು ಕೆಲಸಕ್ಕೆ ಸೇರಿದ್ದು ರಾಯಚೂರಿನ ಕಡೆ. 1956ರ ನವೆಂಬರ್ 1ರವರೆಗೆ ರಾಯಚೂರು, ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಎಲ್ಲವೂ ಹೈದರಾಬಾದ್ ರಾಜ್ಯದವು. ಗೆರೆ ಬಿದ್ದ ಮೇಲೂ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ, ತಲಪಾಡಿಯ ಆಚೀಚೆ ನಮ್ಮವರದು ನಿಲ್ಲದ ಹಾಗೆ.

ಆದರೆ ಕಾನೂನು ಈಗ ಎರಡು ಕಡೆ ಒಂದೇ ಅಲ್ಲ. 2017ರಿಂದ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ತೆಲಂಗಾಣದಲ್ಲಿ ಇರುವುದು 2006ರ ಕೇಂದ್ರ ಕಾಯ್ದೆ. ಬೇಡವಾದ ಮದುವೆಯನ್ನು ರದ್ದು ಮಾಡಿಸಲು ಆ ಹುಡುಗಿಯ ಕಡೆಯಿಂದಲೇ ಅರ್ಜಿ ಹೋಗಬೇಕು. ಹಾಗೆಂದು "ಆಚೆ ಹೋಗಿ ಮುಗಿಸಿದರಾಯಿತು" ಅನ್ನುವವರಿಗೆ ರಕ್ಷಣೆಯಿಲ್ಲ. ಕೇಂದ್ರ ಕಾಯ್ದೆಯಲ್ಲೂ ಮಾಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಗಡಿ ದಾಟಿದ್ದರಿಂದ ಹೆಚ್ಚಾಗುವುದು ಹುಡುಗಿಯ ಕಷ್ಟ ಮಾತ್ರ.

ತೆಲಂಗಾಣ ಸರಕಾರ 2014ರಲ್ಲಿ ತಂದ ಶಾದಿ ಮುಬಾರಕ್ ಯೋಜನೆಯ ಹಣ 18 ತುಂಬಿದ ವಧುವಿಗೆ ಮಾತ್ರ, ಅದೂ ದಾಖಲೆ ಕೊಟ್ಟರೆ. ಹಣಕ್ಕಾಗಿ ಹುಡುಕುವ ಕಾಗದವನ್ನು ಮಗಳಿಗಾಗಿ ಯಾಕೆ ಹುಡುಕಬಾರದು? ಎಲ್ಲ ಧರ್ಮದವರ ಮದುವೆಯೂ ನೋಂದಣಿ ಆಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ.

ನನ್ನ ಉಪ್ಪ ಅಂಗಡಿಯವರು. ಹತ್ತು ರೂಪಾಯಿ ಸಾಲವನ್ನೂ ಬರೆದಿಡುತ್ತಾರೆ. ಸ್ವಂತ ತಮ್ಮನಾದರೂ ಸರಿ. ಅದು ಅಪನಂಬಿಕೆಯಲ್ಲ, ನಾಳೆ ಜಗಳ ಬೇಡವೆಂಬ ಮುಂದಾಲೋಚನೆ. ಮಹರ್ ಕೂಡ ಹೆಣ್ಣಿಗೆ ಸಲ್ಲಬೇಕಾದ ಹಕ್ಕು. ಅದು ಬರಹದಲ್ಲಿಲ್ಲದಿದ್ದರೆ ತಲಾಖ್ ಆದ ದಿನ, ಗಂಡ ತೀರಿಕೊಂಡ ದಿನ ಅವಳು ಏನನ್ನು ತೋರಿಸಬೇಕು?

ಜಮಾಅತ್‌ಗಳಲ್ಲಿ ನನ್ನ ವಿನಂತಿ ಇಷ್ಟೇ. ಖುತ್ಬಾಕ್ಕೆ ಮೊದಲು ಇಬ್ಬರ ವಯಸ್ಸಿನ ದಾಖಲೆ ನೋಡಿ. ನಿಖಾಹ್ ಪತ್ರದ ಒಂದು ಪ್ರತಿಯನ್ನು ಹುಡುಗಿಯ ಕೈಗೇ ಕೊಡಿ. ಅದೇ ವಾರ ನೋಂದಣಿ ಮಾಡಿಸಿ. ಬಿರಿಯಾನಿಯ ಲೆಕ್ಕಕ್ಕೆ ಕೊಡುವ ಸಮಯದ ಕಾಲು ಭಾಗವೂ ಇದಕ್ಕೆ ಬೇಡ.